ತೊಟ್ಟಿನ ಗಾಯ ಎಷ್ಟು ಆಳವೆಂದು ಹಾಲಿನಿಂದಲೇ ತಿಳಿಯಿರಿ

ಹಸುವಿನ ಮೊಲೆತೊಟ್ಟು ಮುಳ್ಳುತಂತಿಗೆ ಸಿಕ್ಕಿಯೋ ಗೊರಸಿನಡಿ ತುಳಿತಕ್ಕೊಳಗಾಗಿಯೋ ಸೀಳಿದ್ದರೆ, ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಬೆರೆಸಿ ಗಾಯವನ್ನು ತೊಳೆಯಿರಿ, ಶುಭ್ರವಾದ ಬಟ್ಟೆಯಿಂದ ಒತ್ತಿ ಒರೆಸಿ, ಗಾಯವನ್ನು ಮುಟ್ಟದೆ ತೊಟ್ಟಿನ ಬುಡದಿಂದ ಹಾಲನ್ನು ಮೆಲ್ಲಗೆ ಕೆಳಕ್ಕೆ ತಂದು, ಗಾಯದ ಬಾಯಲ್ಲಿ ಹಾಲು ಒಸರುತ್ತದೆಯೇ ಎಂದು ನೋಡಿ. ತೊಟ್ಟಿನೊಳಗಿನ ಹಾಲಿನ ಪೊಳ್ಳಿನವರೆಗೆ ಸೀಳಿದ್ದರೆ ಮಾತ್ರ ಹಾಲು ಅಲ್ಲಿಂದ ಹೊರಬರುತ್ತದೆ. ಹಾಗೆ ಬಂದರೆ ಮುಲಾಮು ಹಚ್ಚಿ ಕಾಯಬೇಡಿ. ಗಾಯ ಹಸಿಯಾಗಿರುವಾಗಲೇ, ಸಾಧ್ಯವಾದರೆ 12 ಗಂಟೆಯೊಳಗೆ, ಪಶುವೈದ್ಯರಿಂದ ಹೊಲಿಗೆ ಹಾಕಿಸಬೇಕು. ತಡವಾದರೆ ಅದು ಹಾಲು ಸದಾ ಸೋರುವ ತೂತಾಗಿ ಉಳಿಯಬಹುದು, ಕೆಚ್ಚಲು ಬಾವಿಗೂ ದಾರಿಯಾಗುತ್ತದೆ. ಕರ್ನಾಟಕದಲ್ಲಿ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು. ಹಾಲು ಒಸರದೆ ಚರ್ಮವಷ್ಟೇ ತರಚಿದ್ದರೆ, ಪ್ರತಿ ಸಲ ಹಾಲು ಕರೆದ ನಂತರ ಪೊವಿಡೋನ್ ಅಯೋಡಿನ್ ಹಚ್ಚಿ, ನೊಣ ಕೂರದಂತೆ ನೋಡಿಕೊಂಡರೆ ಸಾಮಾನ್ಯವಾಗಿ ಸಾಕು. ಹೆಬ್ಬೆರಳು ಮಡಚಿ ತೊಟ್ಟನ್ನು ಜಗ್ಗುವ ರೂಢಿಯನ್ನು ಮಾತ್ರ ಕೂಡಲೇ ಬಿಡಬೇಕು. ಆಗಷ್ಟೇ ಹಾಲು ಕರೆದ ಕೆಚ್ಚಲಿನಲ್ಲಿ, ಬತ್ತಿದ ಹಸುವಿನಲ್ಲಿ, ತೊಟ್ಟು ಊದಿ ಗಾಯದ ಬಾಯಿ ಮುಚ್ಚಿಕೊಂಡಾಗ ಈ ಪರೀಕ್ಷೆಯನ್ನು ನಂಬುವಂತಿಲ್ಲ. ತೊಟ್ಟಿನ ತುದಿಗೇ ಪೆಟ್ಟಾಗಿದ್ದರೆ ಹಾಲು ಒಸರದಿದ್ದರೂ ವೈದ್ಯರಿಗೆ ತೋರಿಸಿ, ಏಕೆಂದರೆ ರೋಗಾಣುಗಳನ್ನು ತಡೆಯುವ ಬಾಗಿಲು ಇರುವುದೇ ಅಲ್ಲಿ. ಹಾಲು ಕಟ್ಟಿಕೊಂಡಿತೆಂದು ಹುಲ್ಲುಕಡ್ಡಿಯನ್ನಾಗಲಿ ಬೇವಿನ ಕಡ್ಡಿಯನ್ನಾಗಲಿ ತೊಟ್ಟಿನೊಳಗೆ ತೂರಿಸಬೇಡಿ. ಗಾಯದಿಂದ ಉಳಿದುಕೊಳ್ಳಬಹುದಾಗಿದ್ದ ಕೆಚ್ಚಲು ಆ ಕಡ್ಡಿಯ ಸೋಂಕಿನಿಂದ ಹಾಳಾಗುತ್ತದೆ.