ಗಂಡ-ಹೆಂಡತಿ ಜಗಳದ ಪದ ಕಟ್ಟೋದು ಹೇಗೆ

ನಾನೂ ನಮ್ಮನೆಯವರೂ ಜಾತ್ರೆಗಳಲ್ಲಿ ಜೋಡಿ ಪದ ಹಾಡುತ್ತೇವೆ. ಉಳಿದ ದಿನ ಇಳಕಲ್ಲಿನಲ್ಲಿ ಮಗ್ಗದ ಕೆಲಸ. ಜನ ಜಾಸ್ತಿ ಕೇಳೋದು ಗಂಡ-ಹೆಂಡತಿ ಜಗಳದ ಪದವನ್ನೇ. "ಅಕ್ಕಾ, ನಮಗೂ ಒಂದು ಕಟ್ಟಿಕೊಡು" ಅಂತ ಹುಡುಗರು ಬರುತ್ತಾರೆ. ಕಟ್ಟಿಕೊಡೋದಿಲ್ಲ, ಕಟ್ಟೋದು ಹೇಗಂತ ಹೇಳುತ್ತೇನೆ.

ಮೊದಲು ಜಗಳಕ್ಕೊಂದು ವಸ್ತು ಹುಡುಕಿ. "ಪ್ರೀತಿ ಹೋಯಿತು, ಮನಸು ಮುರಿಯಿತು" ಅಂತ ಶುರು ಮಾಡಿದರೆ ಜನ ಎದ್ದು ಚಹಾ ಕುಡಿಯೋಕೆ ಹೋಗುತ್ತಾರೆ. ನಮ್ಮ ಕಡೆ ರಾತ್ರಿಯಿಡೀ ಆಡುವ ಕೃಷ್ಣ ಪಾರಿಜಾತ ನೋಡಿ. ನಾರದ ತಂದ ಹೂವು ರುಕ್ಮಿಣಿ ಪಾಲಾಯಿತು, ಸತ್ಯಭಾಮೆ ಮುನಿಸಿಕೊಂಡಳು. ಒಂದು ಹೂವು, ಬೆಳತನಕ ಆಟ! ನಾನು ಹಿಡಿದದ್ದು ರೊಕ್ಕ. ಗಂಡ ದುಡಿಯೋಕೆ ಗೋವಾಕ್ಕೆ ಹೋಗಿದ್ದಾನೆ, ಅಲ್ಲಿಂದ ಕಳಿಸುತ್ತಾನೆ, ಇಲ್ಲಿ ಖರ್ಚಾಗುತ್ತದೆ. ಬಾಗಲಕೋಟೆ, ವಿಜಯಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಆಮೇಲೆ, ಇಬ್ಬರಿಗೂ ನ್ಯಾಯ ಇರಬೇಕು. ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ನನ್ನ ಮೊದಲ ಪದದಲ್ಲಿ ಗಂಡ ಬರೀ ಕುಡುಕ. ಹೆಂಗಸರು ಚಪ್ಪಾಳೆ ಹೊಡೆದರು, ನಿಜ. ಆದರೆ ಎರಡನೇ ನುಡಿಗೇ ಜಗಳ ಮುಗಿದುಹೋಗಿತ್ತು. ನಮ್ಮನೆಯವರು ಪೇಟಿ (ಹಾರ್ಮೋನಿಯಂ) ಮೇಲೆ ಸುಮ್ನೆ ಸಾ ಹಿಡಿದು ಕೂತುಬಿಟ್ಟರು. ಮನೆಗೆ ಬಂದ ಮೇಲೆ, "ಆ ಕುಡುಕಗ ಹೇಳಾಕ ಒಂದ ಮಾತರ ಕೊಡಬೇಕಿಲ್ಲೋ ನೀ" ಅಂದರು. ಸಿಟ್ಟು ಬಂತು, ಆದರೆ ಮಾತು ಖರೆ. ಗೀಗೀ ಪದದ ಮೇಳದಲ್ಲಿ ಎರಡು ಪಂಗಡ ವಾದಕ್ಕೆ ನಿಲ್ಲುತ್ತವೆ: ಹರದೇಶಿಯವರು ಗಂಡು ಹೆಚ್ಚು ಅಂತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಅಂತಾರೆ. ಎದುರಿನವರ ಮಾತಿಗೆ ಬಲ ಇದ್ದರೇ ಆ ವಾದ ನಡೆಯೋದು. ಅದಕ್ಕೆ ಈಗ ನನಗೆ ಸೇರದವರ ನುಡಿಯನ್ನೇ ಮೊದಲು ಬರೆಯುತ್ತೇನೆ.

ಇನ್ನು ನುಡಿಗೆ ನುಡಿ ಜೋಡಿಸೋದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ (ಉದ್ದ ಎಳೆಗಳಿಗೂ) ಸೆರಗಿನ ಹಾಸಿಗೂ ಕೊಂಡಿ ಹಾಕುತ್ತೇವೆ. ಒಂದೊಂದೇ ಎಳೆ ಸಿಕ್ಕಿಸಬೇಕು. ಪದದಲ್ಲೂ ಹಾಗೇ. ಅವನು ಬಿಟ್ಟ ಕೊನೇ ಮಾತನ್ನು ಅವಳು ಎತ್ತಿಕೊಳ್ಳಬೇಕು, ಆದರೆ ಅರ್ಥ ತಿರುಗಿಸಬೇಕು:

ಅವ: ಗೋವಾಕ ಹೋಗಿ ನಾ ಗಳಿಸಿದ್ದ ರೊಕ್ಕ
ನಿನ ಕೈಗೆ ಕೊಟ್ಟರ ಸಿಗವಲ್ದು ಲೆಕ್ಕ

ಅವಳು: ಲೆಕ್ಕ ಕೇಳಾಂವ ದಿನ ಎಣಿಸೀಯೇನ?
ಮೂರ ಹಬ್ಬ ಹ್ವಾದುವು, ಮುಖ ತೋರ್ಸೀಯೇನ?

ಅವನ ಲೆಕ್ಕ ರೊಕ್ಕದ್ದು, ಅವಳದು ದಿನದ್ದು. ಈ "ಲೆಕ್ಕ" ಸಿಗೋಕೆ ನನಗೆ ಒಂದು ಸೀರೆ ನೇಯುವಷ್ಟು ಹೊತ್ತು ಹಿಡಿಯಿತು. ಪ್ರಾಸ ಸಿಗಲಿಲ್ಲ ಅಂದರೆ ಬಿಡಿ, ಕೊಂಡಿ ಮಾತ್ರ ಬಿಡಬೇಡಿ. 4 ನುಡಿ ಸಾಕು. ಅದಕ್ಕಿಂತ ಜಾಸ್ತಿಯಾದರೆ ಮಂದಿಗೆ ತಮ್ಮ ಮನೆ ಜಗಳವೇ ನೆನಪಾಗುತ್ತದೆ.

ತಾಳಕ್ಕೆ 8 ಮಾತ್ರೆಯ ಕೆಹರವಾ ನಡೆಯುತ್ತದೆ. ಕಷ್ಟ ಇರೋದು ಶ್ರುತಿಯಲ್ಲಿ. ಗಂಡಸಿನ ದನಿಗೆ ಹೊಂದಿದ್ದು ಹೆಂಗಸಿಗೆ ತೀರಾ ಕೆಳಗಾಗುತ್ತದೆ, ದನಿಯೇ ಏಳೋದಿಲ್ಲ. ಪೇಟಿಯ ಕಪ್ಪು ಮನೆಗಳ ಲೆಕ್ಕದಲ್ಲಿ ನಮ್ಮನೆಯವರದು ಕಪ್ಪು 1, ನನ್ನದು ಕಪ್ಪು 3. ಅವರ ಮಧ್ಯಮವೇ (ಮ) ನನಗೆ ಷಡ್ಜ (ಸಾ). ಅವರ ನುಡಿ ಮುಗಿದ ಮೇಲೆ ಢೋಲಕ್ ಒಂದು ಸುತ್ತು ಬಾರಿಸುತ್ತದೆ, ಅಷ್ಟರಲ್ಲಿ ಪೇಟಿಯವರು ಮಧ್ಯಮದ ಮೇಲೆ ನಿಲ್ಲಬೇಕು. ನಾನು ಅಲ್ಲಿಂದ ಎತ್ತಿಕೊಳ್ಳುತ್ತೇನೆ. ಕೇಳುವವರಿಗೆ ಹೆಂಡತಿ ದನಿ ಏರಿಸಿದ ಹಾಗೆ ಕಾಣುತ್ತದೆ, ಜಗಳಕ್ಕೆ ಅದೂ ಒಳ್ಳೇದೇ.

ಕೊನೇ ಸಾಲನ್ನು ಇಬ್ಬರೂ ಕೂಡಿ ಹಾಡಬೇಕು. ನಾಲ್ಕೈದು ಸ್ವರದೊಳಗೇ ಇರಲಿ, ಇಬ್ಬರ ಗಂಟಲಿಗೂ ಎಟಕುತ್ತದೆ. ಅಲ್ಲಿ ರಾಜಿ ಮಾಡಿಸಬೇಡಿ. ನಮ್ಮದು ಹೀಗಿದೆ: "ಬಾಗಲಾ ತಗದೈತಿ, ತಡಿಯಾಂವ್ರು ಯಾರ?" ಅವರು ಹಾಡುವಾಗ ಹೊರಟುಹೋಗುವವನ ಹಾಗೆ ಬೀದಿ ಕಡೆ ನೋಡುತ್ತಾರೆ. ನಾನು ಅದೇ ಸಾಲು ಹಾಡುತ್ತಾ ಹೊಸ್ತಿಲ ಪಕ್ಕ ಸರಿದು, ಒಳಗೆ ಬರೋಕೆ ಜಾಗ ಬಿಡುತ್ತೇನೆ. ಢೋಲಕ್ ಅಲ್ಲೇ ನಿಲ್ಲಿಸಿ.