ಜಪಾನಿಗೆ ಇಂಗ್ಲಿಷ್ ಮೇಷ್ಟ್ರಾಗಿ ಹೊರಟಿದ್ದೀರಾ?

ಹಾಗಾದರೆ ಮೊದಲು ನಿಮ್ಮ ಹಳೇ ಶಾಲೆಗೆ ಹೋಗಿ ಬನ್ನಿ. ಸೂಟ್‌ಕೇಸು, ಸ್ವೆಟರು, ಉಪ್ಪಿನಕಾಯಿ ಎಲ್ಲ ಆಮೇಲೆ.

ಯಾಕೆ ಅಂತ ಹೇಳ್ತೀನಿ. ಜಪಾನಿನ ಸರ್ಕಾರಿ ಶಾಲೆಗಳಲ್ಲಿ ನಮ್ಮಂಥವರಿಗೆ ಸಿಗುವ ಕೆಲಸ ಎಎಲ್‌ಟಿ. ಅಂದರೆ ಅಲ್ಲಿನ ಟೀಚರ್ ಜೊತೆ ನಿಂತು ಪಾಠ ಮಾಡುವ ಸಹಾಯಕ ಭಾಷಾ ಶಿಕ್ಷಕರು. ಅದಕ್ಕೆ ಕೊಡುವುದು ಇನ್‌ಸ್ಟ್ರಕ್ಟರ್ ವೀಸಾ. ಅದು ಸಿಗಬೇಕಾದರೆ ಡಿಗ್ರಿ ಇರಬೇಕು, ಜೊತೆಗೆ ಇಂಗ್ಲಿಷ್ ಮಾಧ್ಯಮದಲ್ಲಿ ಕನಿಷ್ಠ 12 ವರ್ಷ ಓದಿರಬೇಕು. ಅಮೆರಿಕದವರು, ಇಂಗ್ಲೆಂಡಿನವರು ಇದರ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಇಲ್ಲ. ನಾವು ಒಂದೊಂದು ವರ್ಷವನ್ನೂ ಕಾಗದದಲ್ಲಿ ತೋರಿಸಬೇಕು.

ಒಂದನೇ ಕ್ಲಾಸಿಂದ ಪಿಯುಸಿವರೆಗೆ ಇಂಗ್ಲಿಷ್ ಮೀಡಿಯಂ ಆಗಿದ್ದರೆ ಅಲ್ಲಿಗೇ 12 ಆಯಿತು. ನನ್ನದು ಹಾಗಲ್ಲ. ಹೊಸದುರ್ಗದ ಕಡೆಯ ಹಳ್ಳಿಯಲ್ಲಿ ನಾಲ್ಕನೇ ಕ್ಲಾಸುವರೆಗೆ ಕನ್ನಡ ಶಾಲೆ. ಐದರಿಂದ ಹತ್ತು ಇಂಗ್ಲಿಷ್, ಅದು 6. ಪಿಯುಸಿ ಸೇರಿ 8, ಬಿಎ ಸೇರಿ 11. ಎಂಎ ಮಾಡಿರದಿದ್ದರೆ ಒಂದೇ ಒಂದು ವರ್ಷಕ್ಕೆ ಕೈ ತಪ್ಪಿಹೋಗುತ್ತಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಪ್ರಥಮ ಭಾಷೆ: ಕನ್ನಡ' ಅಂತ ಇರುತ್ತಲ್ಲ, ಅದನ್ನು ನೋಡಿದ, ಶಾಲೆಗಳಿಗೆ ಎಎಲ್‌ಟಿಗಳನ್ನು ಕಳಿಸುವ ಜಪಾನಿನ ಏಜೆನ್ಸಿಯವರು 'ಇವರು ಓದಿದ್ದು ಕನ್ನಡ ಮೀಡಿಯಂ' ಅಂದುಕೊಂಡುಬಿಟ್ಟರು. ಪ್ರಥಮ ಭಾಷೆ ಬೇರೆ, ಬೋಧನಾ ಮಾಧ್ಯಮ ಬೇರೆ ಅಂತ ಅವರಿಗೆ ತಿಳಿಸಿ ಹೇಳುವುದಕ್ಕೆ ಎರಡು ವಾರ ಹಿಡಿಯಿತು. ಹಾಗಾಗಿ ಶಾಲೆಯಿಂದ ತರುವ ಪತ್ರದಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಷ್ಟನೇ ತರಗತಿ, ಮಾಧ್ಯಮ ಇಂಗ್ಲಿಷ್ ಅನ್ನುವುದು ಸ್ಪಷ್ಟವಾಗಿರಲಿ. ಲೆಟರ್‌ಹೆಡ್, ಸೀಲು, ಸಹಿ, ಫೋನ್ ನಂಬರು ಇರಲಿ. ನೀವೇ ಟೈಪ್ ಮಾಡಿಸಿಕೊಂಡು ಹೋಗಿ, ಹೆಡ್‌ಮೇಷ್ಟ್ರಿಗೂ ಅನುಕೂಲ. ಬೇಸಿಗೆ ರಜೆಯಲ್ಲಿ ಮಾತ್ರ ಹೋಗಬೇಡಿ, ಗೇಟಿಗೆ ಬೀಗ ಇರುತ್ತೆ.

ಈ ಕಾಗದ ಕೈಗೆ ಬಂದರೆ ಉಳಿದದ್ದು ಬಹುಪಾಲು ಕಾಯುವ ಕೆಲಸ. ಕೆಲಸ ಕೊಟ್ಟವರು ಜಪಾನಿನಲ್ಲಿ ನಿಮ್ಮ ಪರವಾಗಿ, ವೀಸಾಗೆ ಬೇಕಾದ ಅರ್ಹತಾ ಪತ್ರಕ್ಕೆ ಅರ್ಜಿ ಹಾಕುತ್ತಾರೆ. ಇದನ್ನು ಎಲ್ಲರೂ ಸಿಒಇ ಅನ್ನುತ್ತಾರೆ. ಬರುವುದಕ್ಕೆ ಒಂದರಿಂದ ಮೂರು ತಿಂಗಳು. ಬಂದ ಮೇಲೆ ಮೂರು ತಿಂಗಳೊಳಗೆ ಜಪಾನಿನಲ್ಲಿ ಇಳಿದಿರಬೇಕು. ಅದು ಕೈಗೆ ಬರುವ ಮುಂಚೆ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ಟಿಕೆಟ್ಟನ್ನೂ ತೆಗೆಯಬೇಡಿ. ಅಲ್ಲಿ ಶಾಲೆ ಶುರುವಾಗುವುದು ಏಪ್ರಿಲ್‌ನಲ್ಲಿ. ಅದಕ್ಕೆ ಸರಿಯಾಗಿ ಹಿಂದಿನ ವರ್ಷದ ಮಳೆಗಾಲದಿಂದಲೇ ಅರ್ಜಿ ಹಾಕುತ್ತಾ ಬನ್ನಿ.

ದುಡ್ಡಿನ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಏಜೆನ್ಸಿ ಮೂಲಕ ಹೋದ ಎಎಲ್‌ಟಿಗೆ ತಿಂಗಳಿಗೆ ಸುಮಾರು 2 ಲಕ್ಷದ 20 ಸಾವಿರದಿಂದ 2 ಲಕ್ಷದ 50 ಸಾವಿರ ಯೆನ್. ಶಾಲೆಗೆ ರಜೆ ಇರುವ ಆಗಸ್ಟ್‌ನಲ್ಲಿ ಕೆಲವರು ಕಡಿಮೆ ಕೊಡುತ್ತಾರೆ, ಸಹಿ ಹಾಕುವ ಮುಂಚೆ ಕೇಳಿಕೊಳ್ಳಿ. ಮೊದಲ ಸಂಬಳ ಒಂದೂವರೆ, ಎರಡು ತಿಂಗಳು ಕಳೆದ ಮೇಲೆ ಬರಬಹುದು. ಮನೆಗೆ ಠೇವಣಿ ಕಟ್ಟಬೇಕು. ಎಷ್ಟೋ ಕಡೆ ಅದರ ಮೇಲೆ 'ರೇಯ್‌ಕಿನ್' ಅಂತ ಮಾಲೀಕರಿಗೆ ವಾಪಸ್ ಬಾರದ ಕಾಣಿಕೆಯೂ ಇದೆ. ಕನಿಷ್ಠ 4 ಲಕ್ಷ ಯೆನ್ ಕೈಯಲ್ಲಿ ಇಟ್ಟುಕೊಂಡು ವಿಮಾನ ಹತ್ತಿ. ಎರಡನೇ ವರ್ಷದ ಜೂನ್‌ನಿಂದ ನಿವಾಸಿ ತೆರಿಗೆ ಶುರುವಾಗುತ್ತೆ. ಸಂಬಳ ಯಾಕೆ ಇಳಿಯಿತು ಅಂತ ಆಗ ಗಾಬರಿ ಆಗಬೇಡಿ.

ಇನ್ನು ಹೆಸರು. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇರುವುದಿಲ್ಲ, ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು ಕೂತಿರುತ್ತೆ. ಜಪಾನಿನಲ್ಲಿ ಮೇಷ್ಟ್ರನ್ನು ಕರೆಯುವುದು ಸರ್‌ನೇಮ್ ಹಿಡಿದು. ನಮ್ಮಪ್ಪನ ಹೆಸರು ಸಣ್ಣಪ್ಪ. ಹಾಗಾಗಿ ನಾನಿರುವ ಗುನ್ಮಾ ಪ್ರಾಂತ್ಯದ ಒಂದು ಊರಿನ ಮಕ್ಕಳಿಗೆಲ್ಲ ನಾನು ಸನ್ನಪ್ಪಾ ಸೆನ್ಸೇ. ಅದೂ ಸರಿ ಅನ್ನಿ. ಆದರೆ ಜಪಾನಿ ಭಾಷೆಯಲ್ಲಿ 'ಸನ್' ಅಂದರೆ ಮೂರು, 'ನಪ್ಪಾ' ಅಂದರೆ ಸೊಪ್ಪು. ಮೊದಲ ದಿನವೇ ಹಿಂದಿನ ಬೆಂಚಿನಲ್ಲಿ ಕಿಸಕ್ಕಂತ ನಕ್ಕರು. ಸೊಪ್ಪಿನ ಮೇಷ್ಟ್ರು, ಅದರ ಮೇಲೆ ಸಸ್ಯಾಹಾರಿ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. 'ಏನ್ ಸೊಪ್ಪು, ಹರಿವೆನಾ, ದಂಟಾ?' ಅಂತ ಕೇಳಿದರು. ನಿಮಗೆ ಹೇಳುವುದು ಇಷ್ಟೇ: ನಿಮ್ಮ ಹೆಸರನ್ನು ಅವರ ಕಾತಾಕಾನಾ ಲಿಪಿಯಲ್ಲಿ ಹೇಗೆ ಬರೆಯಬೇಕು ಅಂತ ಹೊರಡುವ ಮುಂಚೆಯೇ ಗಟ್ಟಿ ಮಾಡಿಕೊಳ್ಳಿ. ಬ್ಯಾಂಕು, ಬಾಡಿಗೆ ಮನೆ, ಫೋನು ಎಲ್ಲ ಕಡೆ ಅದನ್ನೇ ಬರೆಯಿರಿ. ಒಂದು ಕಡೆ ಒಂದು ಅಕ್ಷರ ಉದ್ದವಾದರೂ ಬ್ಯಾಂಕಿನವರು ಒಪ್ಪುವುದಿಲ್ಲ.

ಜಪಾನಿ ಭಾಷೆ ಕಲಿಯದೆಯೂ ಕೆಲಸ ಸಿಗುತ್ತೆ. ಆದರೂ ಕಲಿಯಿರಿ, ಇಂಗ್ಲಿಷ್ ಮೂಲಕ ಅಲ್ಲ, ಕನ್ನಡದ ಮೂಲಕ. ನಾನು ಮೊದಲ ವರ್ಷ ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ಸುಮ್ನೆ ಒದ್ದಾಡಿದೆ. ಅವರ ವಾಕ್ಯ ನಮ್ಮದರ ಹಾಗೇ ನಡೆಯುತ್ತೆ, ಕ್ರಿಯಾಪದ ಕೊನೆಗೆ. 'ಕಿಮಾಸು ಕಾ' ಅಂದರೆ 'ಬರ್ತೀರಾ'. 'ಸಮುಯಿ ನೇ' ಅಂದರೆ 'ಚಳಿ ಅಲ್ವಾ'. ಇನ್ನೂ ಮಜಾ ನೋಡಿ: 'ತಾಬೆತೆ ಮಿರು' ಅಂದರೆ ಅಕ್ಷರಶಃ 'ತಿಂದು ನೋಡು'. 'ತಾಬೆತೆ ಶಿಮತ್ತಾ' ಅಂದರೆ 'ತಿಂದುಬಿಟ್ಟೆ'. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಪುಸ್ತಕದವರು ಎರಡು ಪುಟ ಬರೆದಿದ್ದರು! ಅವರ ಅಕ್ಷರಮಾಲೆಯ ಸಾಲು ಕೂಡ ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತ ಕಲಿತ ಬೌದ್ಧ ಭಿಕ್ಷುಗಳಿಂದ ಹೋದ ಕ್ರಮ ಅದು. ಶುರುವಿನ ಹಂತದ ಎನ್5 ಪರೀಕ್ಷೆ ಬೆಂಗಳೂರಿನಲ್ಲೇ ನಡೆಯುತ್ತೆ, ಬರೆದೇ ಹೊರಡಿ.

ತರಗತಿಯಲ್ಲೂ ಕನ್ನಡವೇ ಕೈ ಹಿಡಿಯಿತು. ಅಲ್ಲಿನ ಮಕ್ಕಳು ಪದದ ಕೊನೆಗೆ ಸ್ವರ ಸೇರಿಸುತ್ತಾರೆ. ಮಿಲ್ಕ್ ಅನ್ನುವುದು 'ಮಿರುಕು', ಟೇಬಲ್ 'ಟೇಬುರು', ಗ್ಲಾಸ್ 'ಗುರಾಸು'. ಜೊತೆಗಿದ್ದ ಬೇರೆ ದೇಶದ ಟೀಚರಿಗೆ ಇದು ದೊಡ್ಡ ತಲೆನೋವಾಗಿತ್ತು. ನನಗೆ ನಮ್ಮಜ್ಜಿ ನೆನಪಾದರು: ಬಸ್ಸು, ಲೈಟು, ಬ್ಯಾಂಕು. ಬೋರ್ಡಿನ ಒಂದು ಕಡೆ ಅಜ್ಜಿಯ ಇಂಗ್ಲಿಷ್ ಬರೆದೆ, ಇನ್ನೊಂದು ಕಡೆ ಅವರದು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ಚಪ್ಪಾಳೆ ಆಟ: 'ಮಿರುಕು'ಗೆ ಮೂರು ಚಪ್ಪಾಳೆ, ಮಿಲ್ಕ್‌ಗೆ ಒಂದೇ. ಈಗಲೂ ಪ್ರತಿ ಏಪ್ರಿಲ್‌ನಲ್ಲಿ ಇದೇ ನನ್ನ ಮೊದಲ ಪಾಠ. ಆದರೆ ನಮ್ಮ ತಪ್ಪನ್ನೂ ತಿದ್ದಿಕೊಂಡು ಹೋಗಬೇಕು. ಬನಿಯನ್ನಿಗೂ 'ವೆಸ್ಟ್', ಪಶ್ಚಿಮಕ್ಕೂ 'ವೆಸ್ಟ್' ಅಂತ ಒಂದೇ ಥರ ಹೇಳುತ್ತೇವಲ್ಲ, ಸಂದರ್ಶನದಲ್ಲಿ ಸಿಕ್ಕಿಬೀಳುವುದು ಅಲ್ಲೇ. ಬನಿಯನ್ನಿನ 'ವೆ'ಗೆ ಕೆಳತುಟಿಗೆ ಹಲ್ಲು ತಾಗಿಸುವುದು, ಪಶ್ಚಿಮದ 'ವೆ'ಗೆ ತುಟಿ ದುಂಡಗೆ ಮಾಡುವುದು, ಎರಡನ್ನೂ ಕನ್ನಡಿ ಮುಂದೆ ಒಂದು ತಿಂಗಳು ಅಭ್ಯಾಸ ಮಾಡಿ. ನಿಧಾನವಾಗಿ ಮಾತಾಡುವುದನ್ನೂ ರೂಢಿ ಮಾಡಿಕೊಳ್ಳಿ, ನಾವು ಜಾಸ್ತಿ ಓಡಿಸುತ್ತೇವೆ.

ಪ್ರಶ್ನೆ ಕೇಳಿದಾಗ ಇಡೀ ಕ್ಲಾಸು ಸುಮ್ಮನಾಗುತ್ತೆ. ಅರ್ಥವಾಗಿಲ್ಲ ಅಂತಲ್ಲ, ಒಬ್ಬನೇ ಎದ್ದು ತಪ್ಪು ಹೇಳುವುದು ಅವರಿಗೆ ಇಷ್ಟವಿಲ್ಲ. ಪಕ್ಕದವರ ಜೊತೆ ಮಾತಾಡಿಕೊಳ್ಳಲು ಅರ್ಧ ನಿಮಿಷ ಕೊಡಿ, ಆಮೇಲೆ ಕೇಳಿ.

ಸಸ್ಯಾಹಾರಿಗಳಿಗೆ ಶಾಲೆಯ ಊಟ ಕಷ್ಟ. ಬಿಳಿ ಟೋಪಿ ಹಾಕಿಕೊಂಡು ಮಕ್ಕಳೇ ಬಡಿಸುವುದನ್ನು ನೋಡುವುದು ಚೆಂದ. ಆದರೆ ಬರೀ ತರಕಾರಿ ಕಾಣುವ ಸಾರಿನಲ್ಲೂ ಒಣಮೀನಿನ 'ದಾಶಿ' ಇರುತ್ತೆ. ಮೊದಲ ವಾರವೇ ಹೇಳಿ ಡಬ್ಬಿ ಒಯ್ಯಲು ಒಪ್ಪಿಗೆ ತೆಗೆದುಕೊಳ್ಳಿ, ಆದರೆ ಕೂರುವುದು ಮಕ್ಕಳ ಜೊತೆಯಲ್ಲೇ ಕೂರಿ. ನನ್ನ ಚಿತ್ರಾನ್ನ ನೋಡಿ 'ಕರೇ?', ಅಂದರೆ 'ಕರ್ರಿನಾ?' ಅಂತ ಕೇಳದ ಮಗು ಇಲ್ಲ. ಅವರಿಗೆ ಹಳದಿ ಅಂದರೆ ಕರ್ರಿಯೇ.

ಮನೆಯ ಮಿಕ್ಸಿ ಒಯ್ಯಬೇಡಿ, ಅಲ್ಲಿನ ಕರೆಂಟು 100 ವೋಲ್ಟು. ಕುಕ್ಕರ್ ಒಯ್ದರೆ ಇಂಡಕ್ಷನ್‌ಗೂ ಆಗುವ ಸ್ಟೀಲಿನದು. ಹಸಿ ಕರಿಬೇವನ್ನು ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಸಾರಿನ ಪುಡಿ, ಚಟ್ನಿಪುಡಿ ಸೀಲ್ ಮಾಡಿಸಿದ ಪ್ಯಾಕೆಟ್ಟಿನಲ್ಲಿ ಒಯ್ಯಿರಿ. ಬೇಳೆ, ಮಸಾಲೆ ಟೋಕಿಯೊದ ನಿಶಿ ಕಸಾಯ್, ಶಿನ್ ಓಕುಬೊ ಕಡೆಯ ಅಂಗಡಿಗಳಲ್ಲಿ ಸಿಗುತ್ತೆ, ಮನೆಗೂ ತರಿಸಬಹುದು. ಗುನ್ಮಾದ ಚಳಿಗೆ ದೋಸೆ ಹಿಟ್ಟು ಎರಡು ದಿನವಾದರೂ ಹುಳಿ ಬರಲಿಲ್ಲ. ಕೊನೆಗೆ ಪಾತ್ರೆಯನ್ನು 'ಕೊತಾತ್ಸು' ಒಳಗೆ ಇಟ್ಟೆ. ಅದು ಕೆಳಗೆ ಹೀಟರ್ ಇರುವ, ಮೇಲೆ ರಜಾಯಿ ಹೊದಿಸಿದ ಗಿಡ್ಡ ಮೇಜು. ಬೆಳಿಗ್ಗೆ ಹಿಟ್ಟು ಉಕ್ಕಿ ರಜಾಯಿಗೆಲ್ಲ ಮೆತ್ತಿಕೊಂಡಿತ್ತು. ಪಾತ್ರೆ ದೊಡ್ಡದೇ ಇರಲಿ.

ನೆಗಡಿ, ಕೆಮ್ಮಿನ ಔಷಧದ ವಿಷಯದಲ್ಲಿ ಹುಷಾರು. ಕೊಡೀನ್, ಸೂಡೋಎಫೆಡ್ರಿನ್ ಇರುವುದನ್ನು ಮನೆಯಲ್ಲೇ ಬಿಟ್ಟು ಹೊರಡಿ. ದಿನಾ ತೆಗೆದುಕೊಳ್ಳುವ ಮಾತ್ರೆ ಒಂದು ತಿಂಗಳಿಗಿಂತ ಜಾಸ್ತಿ ಒಯ್ಯುವುದಾದರೆ ಮೊದಲೇ ಅಲ್ಲಿನ ಸರ್ಕಾರದ ಅನುಮತಿ ಬೇಕು. ಇಳಿದ ಮೇಲೆ ಮನೆ ಹಿಡಿದ 14 ದಿನದೊಳಗೆ ನಗರಸಭೆಗೆ ಹೋಗಿ ವಿಳಾಸ ಬರೆಸಿ, ಆರೋಗ್ಯ ವಿಮೆಯ ವಿಷಯವನ್ನೂ ಅಲ್ಲೇ ವಿಚಾರಿಸಿ.

ಸ್ಟಾಫ್ ರೂಮಿಗೆ ಊರಿನಿಂದ ಏನಾದರೂ ತಿಂಡಿ ಒಯ್ಯುವುದು ಅಲ್ಲಿನ ರೂಢಿ. ನಾನು ಒಂದು ಡಬ್ಬಿ ಮೈಸೂರು ಪಾಕ್ ಒಯ್ದಿದ್ದೆ. ಬಿಡಿ ಬಿಡಿಯಾಗಿ ಕಾಗದ ಸುತ್ತಿರಲಿಲ್ಲ, ಯಾರೂ ಕೈ ಹಾಕಲಿಲ್ಲ. ಸಂಜೆ ಉಪ ಮುಖ್ಯೋಪಾಧ್ಯಾಯರು ತಾವೇ ಕೂತು 32 ತುಂಡನ್ನೂ ಟಿಶ್ಯೂ ಪೇಪರಿನಲ್ಲಿ ಸುತ್ತಿ ಒಂದೊಂದು ಮೇಜಿಗೆ ಇಟ್ಟರು, ತುಪ್ಪ ಇಳಿದು ಹಾಜರಿ ಪುಸ್ತಕಕ್ಕೂ ಅಂಟಿತು. ಎಷ್ಟು ಜನ ಇದ್ದಾರೆ ಅಂತ ಮೊದಲೇ ಕೇಳಿಕೊಂಡು, ಬಿಡಿ ಪ್ಯಾಕೆಟ್ಟಿನದೇ ತೆಗೆದುಕೊಂಡು ಹೋಗಿ.