ಲಿಮಿಟ್ ಪೋಕರ್: ಪಣ ಏರಿದಾಗ ಲೆಕ್ಕ ತಪ್ಪದಿರಲು

ಲಿಮಿಟ್ ಹೋಲ್ಡೆಮ್ ಎಂದರೆ ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಬೀಳುವ ಪೋಕರ್; ಇದರಲ್ಲಿ ಎಷ್ಟು ಕಟ್ಟಬೇಕೆಂಬುದನ್ನು ಮೇಜೇ ಗೊತ್ತುಮಾಡಿರುತ್ತದೆ. 4/8 ಡಾಲರ್ ಆಟದಲ್ಲಿ ಎಲೆ ಹಂಚಿದ ಮೇಲಿನ ಸುತ್ತು ಮತ್ತು ಫ್ಲಾಪ್‌ಗೆ (ಮೇಜಿನ ಮೇಲೆ ಬೀಳುವ ಮೊದಲ ಮೂರು ಎಲೆ) 4 ಡಾಲರ್, ಇದು ಸಣ್ಣ ಬೆಟ್; ಟರ್ನ್ (ನಾಲ್ಕನೇ ಎಲೆ) ಮತ್ತು ರಿವರ್‌ಗೆ (ಐದನೇ, ಕೊನೆಯ ಎಲೆ) 8 ಡಾಲರ್, ಇದು ದೊಡ್ಡ ಬೆಟ್. ರೇಸ್ ಮಾಡಿದರೂ (ಇನ್ನೊಬ್ಬರು ಕಟ್ಟಿದ್ದರ ಮೇಲೆ ಏರಿಸಿದರೂ) ಅಷ್ಟಷ್ಟೇ ಏರುತ್ತದೆ. 40/80ರಲ್ಲಿ ಎಲ್ಲದಕ್ಕೂ ಒಂದು ಸೊನ್ನೆ ಹೆಚ್ಚು, ಅಷ್ಟೆ. ಪಾಟ್‌ಗೂ (ನಡುವೆ ಸೇರಿದ ಒಟ್ಟು ಪಣ) ಬೆಟ್‌ಗೂ ಇರುವ ಪ್ರಮಾಣ ಎರಡೂ ಕಡೆ ಒಂದೇ. ಆದರೂ 4/8ರಲ್ಲಿ ಗೆಲ್ಲುತ್ತಿದ್ದವರು ಕ್ಯಾಲಿಫೋರ್ನಿಯಾದ ಕಾರ್ಡ್‌ರೂಮುಗಳಲ್ಲಿ ಮೇಲಿನ ಮೇಜಿಗೆ ಕೂತ ದಿನವೇ ತಪ್ಪು ಶುರುಮಾಡುತ್ತಾರೆ.

ಮೊದಲ ಕೆಲಸ: ಪಾಟನ್ನು ಡಾಲರ್‌ನಲ್ಲಲ್ಲ, ಬೆಟ್‌ಗಳಲ್ಲಿ ಎಣಿಸಿ. ಟರ್ನ್‌ಗೆ ಬಂದಾಗ ಸಣ್ಣ ಬೆಟ್‌ಗಳ ಮೊತ್ತವನ್ನು ಎರಡರಿಂದ ಭಾಗಿಸಿ ದೊಡ್ಡ ಬೆಟ್‌ಗೆ ಬದಲಿಸಿ. ಕೈಯಲ್ಲಿ ಎರಡು ಆಟೀನು, ಟರ್ನ್ ಎಲೆ ಬಿದ್ದಾಗ ಮೇಜಿನ ಮೇಲೆ ಇನ್ನೆರಡು ಇವೆ, ಇನ್ನೊಂದು ಬಂದರೆ ಐದು ಆಟೀನು ಸೇರಿ ಗೆಲುವು ಎನ್ನಿ. ಎದುರಾಳಿ ಕಟ್ಟಿದ್ದೂ ಸೇರಿ ಪಾಟ್‌ನಲ್ಲಿ 6 ದೊಡ್ಡ ಬೆಟ್ ಇವೆ. ಆಟದಲ್ಲಿ ಉಳಿಯಲು ನೀವು 1 ಕೊಡಬೇಕು, ಇದೇ ಕಾಲ್. ಕಾಣದ 46 ಎಲೆಗಳಲ್ಲಿ 9 ಆಟೀನು. 9 ಸಲ 6 ಗೆದ್ದರೆ 54, 37 ಸಲ 1 ಸೋತರೆ 37. ಉಳಿದ 17ನ್ನು 46ರಿಂದ ಭಾಗಿಸಿದರೆ ಒಂದು ಕಾಲ್‌ನ ಸರಾಸರಿ ಲಾಭ 0.37 ಬೆಟ್. 4/8ರಲ್ಲಿ ಅದು ಸುಮಾರು 3 ಡಾಲರ್, 40/80ರಲ್ಲಿ ಸುಮಾರು 30. ಅಂದರೆ "80 ಡಾಲರ್ ಆಯಿತಲ್ಲ" ಎಂದು ಎಲೆ ಬಿಸಾಡಿದವರು ಪ್ರತಿ ಸಲವೂ 30 ಡಾಲರ್ ಬಿಟ್ಟುಕೊಟ್ಟ ಹಾಗೆ.

ರಿವರ್‌ನಲ್ಲಿ ನಷ್ಟ ಇನ್ನೂ ದೊಡ್ಡದು. ಪಾಟ್‌ನಲ್ಲಿ 10 ದೊಡ್ಡ ಬೆಟ್ ಇದ್ದು ಕಾಲ್‌ಗೆ 1 ಬೇಕಾದಾಗ, 11ರಲ್ಲಿ ಒಂದು ಸಲ ಗೆದ್ದರೂ ಕಾಲ್‌ಗೆ ನಷ್ಟವಿಲ್ಲ. ತಪ್ಪಾಗಿ ಕಾಲ್ ಮಾಡಿದರೆ ಹೋಗುವುದು ಒಂದು ಬೆಟ್. ಗೆಲ್ಲುವ ಎಲೆ ಮಡಚಿದರೆ ಹತ್ತು. ಲಿಮಿಟ್ ಆಟದ ಜೀವಾಳವೇ ಇದು. ದೊಡ್ಡ ಮೇಜಿನಲ್ಲಿ ಭಯ ಮೊದಲು ಕದಿಯುವುದೂ ಇದನ್ನೇ. ಚಿಕ್ಕ ಮೇಜಿನಲ್ಲಿ ತಪ್ಪು ತಿರುಗಾಮುರುಗಾ: "ನಾಲ್ಕೇ ಡಾಲರ್ ತಾನೇ" ಎಂದು ಮೊದಲ ಸುತ್ತಿನಲ್ಲಿ ಕಂಡ ಕಂಡ ಎಲೆಗೆಲ್ಲ ಕಟ್ಟುವುದು.

ಇನ್ನು ಎದುರಿಗೆ ಕೂತವರು. ಕೆಳಗಿನ ಮೇಜುಗಳಲ್ಲಿ ಐದಾರು ಮಂದಿ ಫ್ಲಾಪ್ ನೋಡುವುದು ಮಾಮೂಲು. ನಿಮ್ಮ ಕೈಯಲ್ಲಿ 8-9, ಫ್ಲಾಪ್ ಗುಲಾಮ-7-2. ಹತ್ತು ಬಂದರೆ ಮಾತ್ರ ಸ್ಟ್ರೈಟ್ (ಸಾಲಾದ ಐದು ಎಲೆ). ಕಾಣದ 47ರಲ್ಲಿ ಹತ್ತು ನಾಲ್ಕೇ, ಹಾಗಾಗಿ 10.75 ಸೋಲಿಗೆ 1 ಗೆಲುವು. ಆರು ಮಂದಿ ಎರಡೆರಡು ಸಣ್ಣ ಬೆಟ್ ಹಾಕಿದ್ದರೆ 12, ಈಗ ಒಬ್ಬರು ಕಟ್ಟಿದ್ದು ಸೇರಿ 13, ಬೇಕಾದ 10.75ಕ್ಕಿಂತ ಹೆಚ್ಚು. ಹಿಂದಿನಿಂದ ರೇಸ್ ಬರುವ ಭಯವಿಲ್ಲದಿದ್ದರೆ ಕಾಲ್ ಮಾಡಿ. 40/80ರಲ್ಲಿ ಸಾಮಾನ್ಯವಾಗಿ ಒಬ್ಬ ರೇಸ್ ಮಾಡುತ್ತಾನೆ, ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಒಂದು ಸಣ್ಣ ಬೆಟ್ ಕಟ್ಟಿದವನು) ಒಬ್ಬನೇ ಉಳಿಯುತ್ತಾನೆ. ಇಬ್ಬರ ಎರಡೆರಡರ ಜೊತೆ, ಹಾಗೆಯೇ ಅರ್ಧ ಬೆಟ್ ಕಟ್ಟಿದ್ದ ಸ್ಮಾಲ್ ಬ್ಲೈಂಡ್ ಬಿಟ್ಟುಹೋದ ಅರ್ಧವೂ ಸೇರಿ ನಾಲ್ಕೂವರೆ, ಹೊಸ ಬೆಟ್‌ನೊಂದಿಗೆ ಐದೂವರೆ. ಅದೇ 8-9, ಅದೇ ಫ್ಲಾಪ್, ಆದರೆ ಇಲ್ಲಿ ಮಡಚಬೇಕು.

ಬ್ಲಫ್‌ಗೂ (ಎಲೆ ಚೆನ್ನಾಗಿಲ್ಲದಿದ್ದರೂ ಕಟ್ಟಿ ಹೆದರಿಸುವುದು) ಇದೇ ಮಾತು. ರಿವರ್‌ನಲ್ಲಿ 5 ಬೆಟ್ ಪಾಟ್‌ಗೆ 1 ಕಟ್ಟಿ ಬ್ಲಫ್ ಮಾಡಿದರೆ ಆರರಲ್ಲಿ ಒಂದು ಸಲ ಗೆದ್ದರೂ ಸರಿಹೋಗುತ್ತದೆ. ಒಬ್ಬನೇ ಎದುರಾಳಿ ಇದ್ದು ಅರ್ಧ ಸಲ ಮಡಚುವವನಾದರೆ ಒಳ್ಳೆಯ ಲಾಭ. ಅಂಥವರು ಮೂವರಿದ್ದರೆ ಎಲ್ಲರೂ ಮಡಚುವುದು ಎಂಟರಲ್ಲಿ ಒಂದು ಸಲ ಮಾತ್ರ. 4/8ರಲ್ಲಿ ಬ್ಲಫ್ ಬಿಟ್ಟು, ಒಳ್ಳೆಯ ಎಲೆ ಬಂದಾಗ ಪ್ರತಿ ಸುತ್ತಿನಲ್ಲೂ ಕಟ್ಟಿ.

ಕ್ಲಬ್ಬು ಕಡಿಯುವ ರೇಕ್ ಮರೆಯಬೇಡಿ. 4/8ರಲ್ಲಿ ಪಾಟ್‌ಗೆ 5 ಡಾಲರ್ ಹೋದರೆ ಅದು ಅರ್ಧ ದೊಡ್ಡ ಬೆಟ್‌ಗಿಂತ ಹೆಚ್ಚು; 40/80ರಲ್ಲಿ ಅದೇ 5 ಡಾಲರ್ ದೊಡ್ಡ ಬೆಟ್‌ನ ಹದಿನಾರನೇ ಒಂದು ಪಾಲು. ಆದ್ದರಿಂದ ಲಾಭ-ನಷ್ಟದ ಅಂಚಿನಲ್ಲಿರುವ ಎಲೆಗಳನ್ನು ಚಿಕ್ಕ ಮೇಜಿನಲ್ಲಿ ಮೊದಲೇ ಬಿಟ್ಟುಬಿಡುವುದು ವಾಸಿ.

ಪಣವೇ ಆಯುಧವಾಗಬಹುದೇ? ಡಲ್ಲಾಸ್‌ನ ಬ್ಯಾಂಕರ್ ಆಂಡಿ ಬೀಲ್ ಹಾಗೆಂದೇ ನಂಬಿದ್ದರು. 2001ರಿಂದ ಲಾಸ್ ವೇಗಸ್‌ನ ಬೆಲಾಜಿಯೋದಲ್ಲಿ ವೃತ್ತಿ ಆಟಗಾರರ ಕೂಟದೊಂದಿಗೆ ಒಬ್ಬೊಬ್ಬರಾಗಿ ಲಿಮಿಟ್ ಹೋಲ್ಡೆಮ್ ಆಡಿ, 2004ರಲ್ಲಿ ಪಣವನ್ನು 1,00,000/2,00,000 ಡಾಲರ್‌ವರೆಗೂ ಏರಿಸಿದರು. ಆ ಕೂಟದವರು ಹಣ ಒಟ್ಟುಹಾಕಿ ಆಡಿದರು. ಭಾರ ಒಬ್ಬರ ಮೇಲೇ ಬೀಳದಂತೆ ನೋಡಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. 2006ರಲ್ಲಿ ಆ ಕೂಟದ ಫಿಲ್ ಐವಿ ಮೂರೇ ದಿನದಲ್ಲಿ ಬೀಲ್‌ರಿಂದ 1.6 ಕೋಟಿ ಡಾಲರ್‌ಗೂ ಹೆಚ್ಚು ಗೆದ್ದರು.

ಮೇಲೇರುವವರಿಗೆ ಬಳಕೆಯಲ್ಲಿರುವ ಅಳತೆ 300 ದೊಡ್ಡ ಬೆಟ್: 4/8ಕ್ಕೆ 2,400 ಡಾಲರ್, 40/80ಕ್ಕೆ 24,000. ಇದು ಮನೆ ಖರ್ಚಿನಿಂದ ಪೂರ್ತಿ ಬೇರೆಯಾಗಿಟ್ಟ ಹಣವಾಗಿರಬೇಕು. ಒಳ್ಳೆಯ ಆಟಗಾರರೂ ನೂರು ಬೆಟ್ ಕೆಳಗಿಳಿಯುವುದುಂಟು, ಅದಕ್ಕೇ ಇಷ್ಟು ದೊಡ್ಡ ಗಂಟು. 4ರಿಂದ 40ಕ್ಕೆ ನೆಗೆಯದೆ 8/16, 20/40 ಹೀಗೆ ಹತ್ತಿ. ಭಾರತದಲ್ಲಿರುವವರು ಗಮನಿಸಿ: ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ, ಅಭ್ಯಾಸಕ್ಕೆ ಬೆಲೆಯಿಲ್ಲದ ಚಿಪ್ಸ್ ಸಾಕು.

ಪ್ರತಿ ಆಟದ ನಂತರ ರಿವರ್‌ನಲ್ಲಿ ಮಡಚಿದ ಎಲೆ ಮತ್ತು ಆಗ ಪಾಟ್‌ನಲ್ಲಿದ್ದ ಬೆಟ್‌ಗಳ ಸಂಖ್ಯೆ ಬರೆದಿಡಿ. ಹೊಸ ಮೇಜಿನಲ್ಲಿ ಎಂಟು ಬೆಟ್ ಮೀರಿದ ಪಾಟ್‌ಗಳನ್ನು ಮೊದಲಿಗಿಂತ ಹೆಚ್ಚಾಗಿ ಬಿಡುತ್ತಿದ್ದು, ಅದಕ್ಕೆ ಎದುರಾಳಿಯ ಆಟದಲ್ಲಿ ಕಾರಣ ಸಿಗದಿದ್ದರೆ, ಮರುದಿನ ಒಂದು ಮೆಟ್ಟಿಲು ಕೆಳಗಿನ ಮೇಜಿಗೆ ಹೆಸರು ಬರೆಸಿ.